ಕಠ್ಮಂಡುವಿಗೆ ನಾಲ್ಕು ದಿನ ಮೊದಲೇ ಹೋದರೆ ಎತ್ತರಕ್ಕೆ ಒಗ್ಗಿಕೊಳ್ಳಬಹುದೇ?

ಪ್ರಶ್ನೆ: ಡಾಕ್ಟರ್ ಸಾಹೇಬರೇ, ನನಗೆ 48 ವರ್ಷ, ಕಲಬುರಗಿಯ ಪ್ರೌಢಶಾಲೆಯೊಂದರಲ್ಲಿ ಶಿಕ್ಷಕಿ. ಯಜಮಾನರಿಗೆ 54. ಬರುವ ದಸರಾ ರಜೆಯಲ್ಲಿ ನೇಪಾಳಕ್ಕೆ ಹೋಗಿ ಎವರೆಸ್ಟ್ ಬೇಸ್ ಕ್ಯಾಂಪ್ ಚಾರಣ ಮಾಡಬೇಕೆಂದು ನಿಶ್ಚಯಿಸಿದ್ದೇವೆ. ಹೈದರಾಬಾದಿನಲ್ಲಿ ಕೆಲಸದಲ್ಲಿರುವ ಮಗಳೂ ಬರುತ್ತಾಳೆ. ನಮ್ಮ ಕೈಯಲ್ಲಿರುವುದು 18 ದಿನ. ಯಜಮಾನರು ನಿತ್ಯ ಎಂಟು ಕಿಲೋಮೀಟರ್ ಬಿರುಸಾಗಿ ನಡೆಯುತ್ತಾರೆ, ಬಿ.ಪಿ.ಗೆ ಟೆಲ್ಮಿಸಾರ್ಟಾನ್ ಮಾತ್ರೆ ತೆಗೆದುಕೊಳ್ಳುತ್ತಾರೆ. ನಾನು ಮೆಲ್ಲಗೆ ನಡೆಯುವವಳು. ನಾಲ್ಕು ದಿನ ಮೊದಲೇ ಕಠ್ಮಂಡು ಮುಟ್ಟಿ ಅಲ್ಲಿಯ ಹವೆಗೆ ಒಗ್ಗಿಕೊಂಡರೆ ಮೇಲಿನ ವಿಶ್ರಾಂತಿ ದಿನಗಳನ್ನು ಬಿಡಬಹುದು ಎನ್ನುವುದು ಯಜಮಾನರ ಲೆಕ್ಕ. ಅಮರನಾಥಕ್ಕೆ ಹೋಗಿ ಬಂದ ನೆರೆಮನೆಯವರು ಕರ್ಪೂರ ಮೂಸಿದರೆ ಸಾಕು ಎನ್ನುತ್ತಾರೆ. ನಮ್ಮಂಥ ಸಮತಟ್ಟು ಊರಿನಲ್ಲಿ ತಯಾರಿ ಮಾಡುವುದಾದರೂ ಹೇಗೆ? ನನ್ನಿಂದ ಇವರಿಬ್ಬರ ಯಾತ್ರೆ ಕೆಡುತ್ತದೆಯೋ ಏನೋ ಎಂಬ ಹೆದರಿಕೆ ಕಾಡುತ್ತಿದೆ.

ಉತ್ತರ: ಕೊನೆಯ ಸಾಲಿನಿಂದಲೇ ಶುರು ಮಾಡುತ್ತೇನೆ, ಏಕೆಂದರೆ ಪತ್ರದ ಭಾರವೆಲ್ಲ ಅಲ್ಲಿಯೇ ಇದೆ. ನಿಮ್ಮ ಮನೆಯ ಮೂವರಲ್ಲಿ ನನಗೆ ಹೆಚ್ಚು ಚಿಂತೆ ಹುಟ್ಟಿಸಿದವರು ನೀವಲ್ಲ, ನಿಮ್ಮ ಯಜಮಾನರು. ಕಾರಣ ಅವರ ಬಿ.ಪಿ. ಅಲ್ಲ, ಅವರ ಬಿರುಸು. ಗಟ್ಟಿಮುಟ್ಟಾದ ಮೈ ಎತ್ತರದ ಕಾಯಿಲೆಯಿಂದ ಕಾಪಾಡುವುದಿಲ್ಲ. ಕಾಪಾಡುತ್ತದೆ ಎಂದು ನಂಬಿದವರು ಬೇಗ ಬೇಗ ಏರುತ್ತಾರೆ, ತಲೆನೋವು ಬಂದರೆ ಒಪ್ಪಿಕೊಳ್ಳುವುದಿಲ್ಲ. ಇಪ್ಪತ್ತು ವರ್ಷಗಳಿಂದ ಇಲ್ಲಿ ವೈದ್ಯನಾಗಿದ್ದೇನೆ. ನಮ್ಮ ಭಾಗದ ಚಾರಣ ತಂಡಗಳ ಜೊತೆ ವೈದ್ಯನಾಗಿ ಹಿಮಾಲಯಕ್ಕೂ ಹಲವು ಸಲ ಹೋಗಿದ್ದೇನೆ. ಮೆಲ್ಲಗೆ ನಡೆಯುವವರಿಂದ ತಂಡದ ಯಾತ್ರೆ ಕೆಟ್ಟದ್ದನ್ನು ಒಮ್ಮೆಯೂ ಕಂಡಿಲ್ಲ.

ಇನ್ನು ಕಠ್ಮಂಡು. ನಾಲ್ಕು ದಿನದ ಲೆಕ್ಕ ಕೇಳಲು ಸರಿ ಎನಿಸುತ್ತದೆ, ಆದರೆ ಹೊಂದುವುದಿಲ್ಲ. ಕಲಬುರಗಿ ಇರುವುದು ಸಮುದ್ರ ಮಟ್ಟದಿಂದ ಸುಮಾರು 450 ಮೀಟರ್ ಎತ್ತರದಲ್ಲಿ, ಕಠ್ಮಂಡು ಸುಮಾರು 1,400 ಮೀಟರ್‌ನಲ್ಲಿ. ಆ ಎತ್ತರಕ್ಕೆ ದೇಹ ಹೊಂದಿಕೊಳ್ಳುವ ಕೆಲಸವನ್ನು ಆರಂಭಿಸುವುದೇ ಇಲ್ಲ. ಅದಕ್ಕೆ ಕನಿಷ್ಠ 2,000–2,500 ಮೀಟರ್‌ಗಳಾದರೂ ಬೇಕು. ಇನ್ನೊಂದು ವಿಷಯ ನಿಮ್ಮ ಆಯೋಜಕರು ಹೇಳಿರಲಿಕ್ಕಿಲ್ಲ. ಅಕ್ಟೋಬರಿನಂಥ ದಟ್ಟಣೆಯ ಕಾಲದಲ್ಲಿ, ಚಾರಣ ಶುರುವಾಗುವ ಊರಾದ ಲುಕ್ಲಾಕ್ಕೆ ಹೋಗುವ ವಿಮಾನಗಳು ಹೆಚ್ಚಾಗಿ ಕಠ್ಮಂಡುವಿನಿಂದ ಹೊರಡುವುದಿಲ್ಲ. ನಾಲ್ಕೈದು ಗಂಟೆ ದೂರದ ರಾಮೇಛಾಪ್ ಜಿಲ್ಲೆಯ ಮಂಥಲಿಯಿಂದ ಹೊರಡುತ್ತವೆ. ಆ ವಿಮಾನ ನಿಲ್ದಾಣ ಇರುವುದು ಹೆಚ್ಚುಕಡಿಮೆ ನಮ್ಮ ಕಲಬುರಗಿಯಷ್ಟೇ ಎತ್ತರದಲ್ಲಿ. ಅಂದರೆ ನಾಲ್ಕು ದಿನ ಕಠ್ಮಂಡುವಿನಲ್ಲಿ ಕಳೆದು, ಮಧ್ಯರಾತ್ರಿ ಎದ್ದು ಮತ್ತೆ ಕಲಬುರಗಿಯ ಎತ್ತರಕ್ಕೇ ಇಳಿದು, ಅಲ್ಲಿಂದ ಅರ್ಧ ಗಂಟೆಯೊಳಗೆ 2,860 ಮೀಟರ್ ಎತ್ತರದ ಲುಕ್ಲಾದಲ್ಲಿ ಕಾಲಿಡುತ್ತೀರಿ.

ಹಾಗೆಂದು ಬೇಗ ಹೋಗಲೇಬೇಡಿ ಎನ್ನುತ್ತಿಲ್ಲ. ಎರಡು ರಾತ್ರಿ ಮೊದಲು ಹೋಗಿ, ಆದರೆ ಬೇರೆ ಕಾರಣಕ್ಕೆ. ಇಲ್ಲಿಂದ ಹೈದರಾಬಾದಿಗೆ ಐದಾರು ಗಂಟೆ, ಅಲ್ಲಿಂದ ದೆಹಲಿ, ದೆಹಲಿಯಿಂದ ಕಠ್ಮಂಡು. ರಾತ್ರಿ ಇಳಿದು ಅದೇ ರಾತ್ರಿ ಮಂಥಲಿಗೆ ಜೀಪು ಹತ್ತುವ ಕಾರ್ಯಕ್ರಮಗಳನ್ನು ನೋಡಿದ್ದೇನೆ. ನಿದ್ದೆಗೆಟ್ಟು, ಹೊಟ್ಟೆಗೆಟ್ಟು, ಗಂಟಲು ಕೆರೆತದೊಂದಿಗೆ ಮೇಲೇರುವವರಿಗೆ ಮೊದಲ ದಿನವೇ ಕಷ್ಟ. ಶೀತ, ಕೆಮ್ಮು ಇದ್ದಾಗ ಏರುವುದು ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಆದ್ದರಿಂದ ಕಠ್ಮಂಡುವಿನಲ್ಲಿ ಒಂದು ಪೂರ್ತಿ ದಿನ ಇಟ್ಟುಕೊಳ್ಳಿ: ನಿದ್ದೆ ಮಾಡಿ, ಬಿಸಿ ಊಟವನ್ನಷ್ಟೇ ಮಾಡಿ, ಕುದಿಸಿದ ಅಥವಾ ಮುಚ್ಚಳ ಬಿಗಿದ ಬಾಟಲಿಯ ನೀರು ಕುಡಿಯಿರಿ, ಮರೆತ ಸಾಮಾನು ಕೊಳ್ಳಿ.

ಈ ರಜೆಯ ಬಗ್ಗೆ ಒಂದು ಮಾತು. ನಮ್ಮ ದಸರಾ ಇರುವಾಗಲೇ ನೇಪಾಳಿಗಳಿಗೆ ದಶೈಂ. ಅದು ಅವರ ಅತಿ ದೊಡ್ಡ ಹಬ್ಬ. ಸರಕಾರಿ ಕಚೇರಿಗಳು ದಿನಗಟ್ಟಲೆ ಮುಚ್ಚಿರುತ್ತವೆ, ಊರಿಗೆ ಹೋಗುವವರಿಂದ ಬಸ್ಸು ಜೀಪುಗಳು ತುಂಬಿರುತ್ತವೆ, ಎಷ್ಟೋ ಗೈಡುಗಳು, ಪೋರ್ಟರುಗಳು ಮನೆಯಲ್ಲಿ ಹಿರಿಯರಿಂದ ಟೀಕಾ ಇಡಿಸಿಕೊಳ್ಳಲು ಹೋಗಿರುತ್ತಾರೆ. ನಾವು ಬನ್ನಿ ಕೊಡಲು ಮನೆಗೆ ಬರುವುದಿಲ್ಲವೇ, ಹಾಗೆಯೇ. ಆದ್ದರಿಂದ ಗೈಡು, ಪೋರ್ಟರು, ಜೀಪು ಎಲ್ಲವನ್ನೂ ಆಗಸ್ಟ್ ಒಳಗೆ ಗೊತ್ತುಮಾಡಿ. ವಿಮಾನದಲ್ಲಿ ಹೋಗುವ ನಿಮ್ಮ ವಯಸ್ಸಿನವರಿಗೆ ಪಾಸ್‌ಪೋರ್ಟ್ ಅಥವಾ ಮತದಾರರ ಗುರುತಿನ ಚೀಟಿ ಬೇಕು. ಆಧಾರ್ ಕಾರ್ಡ್ ನಡೆಯುವುದಿಲ್ಲ. ಇದೊಂದರಿಂದಲೇ ದೆಹಲಿಯಿಂದ ಮರಳಿ ಬಂದವರಿದ್ದಾರೆ.

ಈಗ ದೇಹದೊಳಗೆ ಏನಾಗುತ್ತದೆ ಎಂಬುದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಇದು ಅರ್ಥವಾದರೆ ಉಳಿದ ಪ್ರಶ್ನೆಗಳಿಗೆ ನೀವೇ ಉತ್ತರ ಹೇಳಿಕೊಳ್ಳಬಹುದು. ಮೇಲೆ ಗಾಳಿಯಲ್ಲಿ ಆಮ್ಲಜನಕದ ಪಾಲು ಕಡಿಮೆಯಾಗುತ್ತದೆ ಎಂದು ಮಕ್ಕಳಿಗೂ ಹೇಳಿಕೊಡುತ್ತೇವೆ, ಅದು ತಪ್ಪು. ಪಾಲು ಎಲ್ಲೆಡೆ ಶೇ. 21ರಷ್ಟೇ. ಕಡಿಮೆಯಾಗುವುದು ಗಾಳಿಯ ಒತ್ತಡ. ಬೇಸ್ ಕ್ಯಾಂಪಿನ 5,364 ಮೀಟರ್ ಎತ್ತರದಲ್ಲಿ ಅದು ಸಮುದ್ರ ಮಟ್ಟದ ಅರ್ಧಕ್ಕೆ ಬಂದಿರುತ್ತದೆ. ಒಂದೊಂದು ಉಸಿರಿನಲ್ಲೂ ಅರ್ಧದಷ್ಟೇ ಆಮ್ಲಜನಕ. ದೇಹ ಮೊದಲು ಮಾಡುವ ಕೆಲಸ ಜೋರಾಗಿ ಉಸಿರಾಡುವುದು. ಆದರೆ ಹಾಗೆ ಉಸಿರಾಡಿದಾಗ ಇಂಗಾಲದ ಡೈಆಕ್ಸೈಡ್ ಹೆಚ್ಚು ಹೊರಹೋಗಿ ರಕ್ತ ಕ್ಷಾರೀಯವಾಗುತ್ತದೆ. ಅದನ್ನು ಕಂಡ ಮೆದುಳು ಉಸಿರಾಟಕ್ಕೆ ಕಡಿವಾಣ ಹಾಕುತ್ತದೆ. ನಿದ್ದೆಯಲ್ಲಿ ಉಸಿರು ಕೆಲವು ಕ್ಷಣ ನಿಂತಂತಾಗಿ ಬೆಚ್ಚಿ ಏಳುವುದು ಇದರಿಂದಲೇ, ಹೆದರಬೇಕಾಗಿಲ್ಲ. ಈ ಕಡಿವಾಣವನ್ನು ಬಿಚ್ಚುವವು ಮೂತ್ರಪಿಂಡಗಳು. ಹೆಚ್ಚಾದ ಬೈಕಾರ್ಬನೇಟ್ ಎಂಬ ಕ್ಷಾರವನ್ನು ಅವು ಮೂತ್ರದಲ್ಲಿ ಹೊರಹಾಕುತ್ತವೆ, ಅದಕ್ಕೆ ಎರಡು ಮೂರು ದಿನ ಬೇಕು. ಕೆಂಪು ರಕ್ತಕಣಗಳು ಹೆಚ್ಚುವುದಕ್ಕಂತೂ ವಾರಗಳು ಬೇಕು. ಮೂತ್ರಪಿಂಡಗಳಿಗೆ ಅವಸರ ಮಾಡಲು ಯಾರಿಂದಲೂ ಆಗುವುದಿಲ್ಲ, ನಿತ್ಯ ಎಂಟು ಕಿಲೋಮೀಟರ್ ನಡೆಯುವವರಿಂದಲೂ.

ಆದ್ದರಿಂದ ನಿಮ್ಮ 18 ದಿನಗಳಲ್ಲಿ ಬೆಲೆಬಾಳುವ ದಿನಗಳು 3,000 ಮೀಟರ್ ದಾಟಿದ ಮೇಲಿನವು. ಅವುಗಳನ್ನು ಕೊಟ್ಟು ಕಠ್ಮಂಡುವಿನ ದಿನಗಳನ್ನು ಕೊಳ್ಳುವುದೆಂದರೆ ಬೀಜದ ತೊಗರಿಯನ್ನು ಮಾರಿ ಚೀಲ ತಂದಂತೆ. ವೈದ್ಯರು ಒಪ್ಪಿರುವ ನಿಯಮ ಸರಳ: 3,000 ಮೀಟರ್ ದಾಟಿದ ಮೇಲೆ ಮಲಗುವ ಎತ್ತರ ದಿನಕ್ಕೆ ಸುಮಾರು 500 ಮೀಟರ್‌ಗಿಂತ ಹೆಚ್ಚಬಾರದು, ಮೂರು ನಾಲ್ಕು ದಿನಕ್ಕೊಮ್ಮೆ ಅದೇ ಎತ್ತರದಲ್ಲಿ ಇನ್ನೊಂದು ರಾತ್ರಿ ಉಳಿಯಬೇಕು. ಹಗಲು ಎಷ್ಟು ಏರುತ್ತೀರಿ ಎಂಬುದಕ್ಕಿಂತ ರಾತ್ರಿ ಎಲ್ಲಿ ಮಲಗುತ್ತೀರಿ ಎಂಬುದೇ ಮುಖ್ಯ.

ಈ ನಿಯಮವನ್ನು ನಿಮ್ಮ ದಾರಿಗೆ ಹಚ್ಚಿ ನೋಡೋಣ. ಲುಕ್ಲಾದಿಂದ ಮೊದಲ ದಿನ ಇಳಿದು ಫಾಕ್‌ಡಿಂಗ್, 2,610 ಮೀಟರ್. ಎರಡನೆಯ ದಿನ ನಾಮ್ಚೆ, 3,440. ಒಂದೇ ದಿನ 830 ಮೀಟರ್ ಏರಿರುತ್ತೀರಿ, ಆದ್ದರಿಂದ ಅಲ್ಲಿ ಎರಡು ರಾತ್ರಿ. ಮುಂದೆ ತೆಂಗ್‌ಬೋಚೆ, ಸುಮಾರು 3,860. ಆಮೇಲೆ ದಿಂಗ್‌ಬೋಚೆ, 4,410. ಇಲ್ಲಿಯೂ ಎರಡು ರಾತ್ರಿ. ಅಲ್ಲಿಂದ ಲೋಬುಚೆ, 4,940. ಎಂಟನೆಯ ದಿನ ಗೋರಕ್‌ಶೇಪ್, 5,164. ಅಂದೇ ಬೇಸ್ ಕ್ಯಾಂಪ್ ನೋಡಿ ಅಲ್ಲಿಗೆ ಮರಳುವುದು. ಇಳಿಯಲು ಮೂರು ದಿನ, ಹನ್ನೆರಡನೆಯ ದಿನ ವಿಮಾನ. ಹೋಗಲು ಒಂದು, ಕಠ್ಮಂಡುವಿನಲ್ಲಿ ಒಂದು, ಮರಳಲು ಎರಡು, ಹದಿನಾರಾಯಿತು. ಉಳಿದ ಎರಡು ದಿನಗಳನ್ನು ಯಾವುದಕ್ಕೂ ಬಳಸದೆ ಕಾಯ್ದಿಡಿ. ಲುಕ್ಲಾದ ಓಡುದಾರಿ ಕೇವಲ 527 ಮೀಟರ್ ಉದ್ದ, ಅದೂ ಇಳಿಜಾರು. ಮೋಡ ಕವಿದರೆ ವಿಮಾನ ಬರುವುದಿಲ್ಲ. ಆ ಎರಡು ದಿನ ಕೈಯಲ್ಲಿಲ್ಲದವರೇ ಮೇಲೆ ವಿಶ್ರಾಂತಿ ದಿನ ಬಿಟ್ಟು ಓಡುತ್ತಾರೆ. ಯಜಮಾನರ ಲೆಕ್ಕದಂತೆ ದಿಂಗ್‌ಬೋಚೆಯ ಎರಡನೆಯ ರಾತ್ರಿಯನ್ನು ಬಿಟ್ಟರೆ ತೆಂಗ್‌ಬೋಚೆಯಿಂದ ಮೂರೇ ರಾತ್ರಿಗಳಲ್ಲಿ 1,300 ಮೀಟರ್ ಏರಿದಂತಾಗುತ್ತದೆ. ಆ ಕಾರ್ಯಕ್ರಮಕ್ಕೆ ನಾನು ಒಪ್ಪಿಗೆ ಕೊಡಲಾರೆ.

ಇನ್ನೂ ಸಾವಕಾಶವಾಗಿ ಏರಬೇಕೆಂದಿದ್ದರೆ ಕಠ್ಮಂಡುವಿನಿಂದ ಜೀಪಿನಲ್ಲಿ ಸಲ್ಲೇರಿಯತ್ತ ಹೋಗಿ, ಅಲ್ಲಿಂದ ನಡೆದುಕೊಂಡೇ ಲುಕ್ಲಾದ ದಾರಿ ಸೇರಬಹುದು. ಎರಡರಿಂದ ಮೂರು ಸಾವಿರ ಮೀಟರ್‌ಗಳ ನಡುವೆ ಕೆಲವು ದಿನ ಏರಿಳಿಯುವುದರಿಂದ ದೇಹಕ್ಕೆ ನಿಜವಾದ ಲಾಭವಿದೆ, ವಿಮಾನದ ಕಾಯುವಿಕೆಯೂ ಇಲ್ಲ. ಆದರೆ ಜೀಪಿನ ಪ್ರಯಾಣವೇ ಇಡೀ ದಿನ ಹಿಡಿಯುತ್ತದೆ, ಒಟ್ಟಾರೆ ನಾಲ್ಕೈದು ದಿನ ಹೆಚ್ಚು ಬೇಕು. ನಿಮ್ಮ ರಜೆಯಲ್ಲಿ ಅದು ಕೂಡುವುದಿಲ್ಲ. ಇನ್ನೊಂದು ದಾರಿ ನಾಮ್ಚೆ, ತೆಂಗ್‌ಬೋಚೆಯವರೆಗೆ ಹೋಗಿ ಮರಳುವುದು. ತೆಂಗ್‌ಬೋಚೆಯ ಬೌದ್ಧ ಮಠದ ಮುಂದೆ ನಿಂತರೆ ಎವರೆಸ್ಟ್, ಲೋತ್ಸೆ, ಅಮಾ ದಬ್ಲಾಮ್ ಮೂರೂ ಕಾಣುತ್ತವೆ. ಬೇಸ್ ಕ್ಯಾಂಪಿನಿಂದ ಎವರೆಸ್ಟ್ ಶಿಖರ ಕಾಣುವುದೇ ಇಲ್ಲ ಎಂಬುದು ಬಹಳ ಜನರಿಗೆ ಅಲ್ಲಿ ಹೋದ ಮೇಲೆ ಗೊತ್ತಾಗುತ್ತದೆ.

ಕರ್ಪೂರದ ವಿಷಯ. ಅದನ್ನು ಮೂಸಿದಾಗ ಮೂಗಿನಲ್ಲಿ ತಂಪು ಹರಿದು ಉಸಿರು ಸಲೀಸಾದಂತೆ ಅನಿಸುತ್ತದೆ, ಅಷ್ಟೆ. ರಕ್ತಕ್ಕೆ ಸೇರುವ ಆಮ್ಲಜನಕ ಕೂದಲೆಳೆಯಷ್ಟೂ ಹೆಚ್ಚುವುದಿಲ್ಲ. ನೆರೆಯವರು ನಿಮ್ಮ ಒಳಿತಿಗಾಗಿಯೇ ಹೇಳಿದ್ದಾರೆ. ಆದರೆ ಅದನ್ನು ಬಾಯಿಗೆ ಮಾತ್ರ ಹಾಕಿಕೊಳ್ಳಬೇಡಿ, ಕರ್ಪೂರ ಹೊಟ್ಟೆಗೆ ಹೋದರೆ ಫಿಟ್ಸ್ ಬರುತ್ತದೆ. ಅಂಗಡಿಯಲ್ಲಿ ಸಿಗುವ ಸಣ್ಣ ಆಮ್ಲಜನಕದ ಡಬ್ಬಿಗಳು ಕೆಲವೇ ನಿಮಿಷಕ್ಕೆ ಮುಗಿಯುತ್ತವೆ. ಮೇಲಿನ ವಸತಿಗಳಲ್ಲಿ ಕೊಡುವ ಬೆಳ್ಳುಳ್ಳಿ ಸೂಪು ಬಿಸಿಯಾಗಿ, ರುಚಿಯಾಗಿ ಇರುತ್ತದೆ, ಕುಡಿಯಿರಿ. ಅದನ್ನು ಔಷಧವೆಂದು ನಂಬಿ ಮುಂದೆ ಏರಬೇಡಿ. ಹೊರಡುವ ಮುನ್ನ ಒಂದು ವಾರ ಊಟಿಯಲ್ಲಿದ್ದರೆ ಹೇಗೆ ಎಂದೂ ಕೆಲವರು ಕೇಳುತ್ತಾರೆ. ಅಲ್ಲಿ ಗಳಿಸಿದ್ದು ಅಲ್ಪ, ಅದೂ ಕೆಳಗಿಳಿದ ಕೆಲವೇ ದಿನಗಳಲ್ಲಿ ಕರಗಿಹೋಗುತ್ತದೆ.

ನಿಜವಾಗಿ ಸಹಾಯ ಮಾಡುವ ಮಾತ್ರೆ ಒಂದಿದೆ, ಅಸೆಟಜೋಲಮೈಡ್. ಡಯಾಮಾಕ್ಸ್ ಎಂಬ ಹೆಸರಿನಿಂದ ಎಲ್ಲರಿಗೂ ಪರಿಚಿತ. ಮೂತ್ರಪಿಂಡ ಎರಡು ಮೂರು ದಿನಗಳಲ್ಲಿ ಮಾಡುವ ಕೆಲಸವನ್ನು ಅದು ಬೇಗ ಮಾಡಿಸುತ್ತದೆ. ರೋಗದ ಲಕ್ಷಣಗಳನ್ನು ಅದು ಮುಚ್ಚಿಡುತ್ತದೆ ಎನ್ನುವುದು ಸುಳ್ಳು. ತಡೆಗಟ್ಟಲು ಸಾಮಾನ್ಯವಾಗಿ 125 ಮಿಲಿಗ್ರಾಂ, ದಿನಕ್ಕೆರಡು ಸಲ, ಏರುವ ಹಿಂದಿನ ದಿನದಿಂದ. ಬೆರಳ ತುದಿಗಳಲ್ಲಿ ಇರುವೆ ಹರಿದಂತಾಗುತ್ತದೆ, ಮೂತ್ರ ಹೆಚ್ಚಾಗುತ್ತದೆ. ಸಲ್ಫಾ ಔಷಧಗಳಿಗೆ ಅಲರ್ಜಿ ಇರುವವರು, ಮೂತ್ರಪಿಂಡದ ತೊಂದರೆ ಇರುವವರು, ಹಿಂದೆ ಮೂತ್ರದ ಹರಳು ಆಗಿದ್ದವರು ಮೊದಲೇ ವೈದ್ಯರಿಗೆ ತಿಳಿಸಬೇಕು. ನಮ್ಮ ಬಿಸಿಲ ನಾಡಿನಲ್ಲಿ ಹರಳಿನ ನೋವು ಉಂಡವರು ಮನೆಮನೆಯಲ್ಲೂ ಇರುವುದರಿಂದ ಇದನ್ನು ಒತ್ತಿ ಹೇಳುತ್ತಿದ್ದೇನೆ. ಮಾತ್ರೆ ಮೈಗೆ ಹಿಡಿಯುತ್ತದೆಯೇ ಎಂದು ಹೊರಡುವ ಕೆಲವು ವಾರ ಮೊದಲು ಮನೆಯಲ್ಲಿಯೇ ಒಂದೆರಡು ದಿನ ತೆಗೆದುಕೊಂಡು ನೋಡಿ. ಮಾತ್ರೆ ಇದೆಯೆಂದು ವಿಶ್ರಾಂತಿ ದಿನ ಬಿಡುವಂತಿಲ್ಲ.

ಬಿ.ಪಿ. ಹತೋಟಿಯಲ್ಲಿದ್ದರೆ ಅದೊಂದೇ ಕಾರಣಕ್ಕೆ ಚಾರಣ ಬಿಡಬೇಕಾಗಿಲ್ಲ. ಆದರೆ ಎತ್ತರದಲ್ಲಿ ರಕ್ತದೊತ್ತಡ ಏರುತ್ತದೆ. ನಿಮ್ಮ ಯಜಮಾನರು ತೆಗೆದುಕೊಳ್ಳುವ ಟೆಲ್ಮಿಸಾರ್ಟಾನನ್ನೇ ಇಟ್ಟುಕೊಂಡು ಎವರೆಸ್ಟ್ ದಾರಿಯಲ್ಲಿ ಒಂದು ಅಧ್ಯಯನ ನಡೆದಿದೆ: 3,400 ಮೀಟರ್‌ನಲ್ಲಿ ಅದು ಒತ್ತಡವನ್ನು ಇಳಿಸಿತು, 5,400ರಲ್ಲಿ ಇಳಿಸಲಿಲ್ಲ. ಹಾಗೆಂದು ಮಾತ್ರೆ ನಿಲ್ಲಿಸಬಾರದು, ತಾವಾಗಿಯೇ ಹೆಚ್ಚಿಸಲೂಬಾರದು. ಮೇಲೆ ಒತ್ತಡ ತೀರಾ ಏರಿದರೆ ಏನು ಮಾಡಬೇಕು ಎಂಬುದನ್ನು ಅವರ ವೈದ್ಯರಿಂದ ಕಾಗದದಲ್ಲಿ ಬರೆಸಿಕೊಂಡು ಹೋಗಿ. 54ರ ವಯಸ್ಸಿಗೆ ಒಂದು ಇಸಿಜಿ, ಒಂದು ಟ್ರೆಡ್‌ಮಿಲ್ ಪರೀಕ್ಷೆ ಆಗಲೇಬೇಕು. ನಿಮಗೆ ಹೇಳಬೇಕಾದದ್ದು ಬೇರೆ: ಹಿಮೋಗ್ಲೋಬಿನ್, ಫೆರಿಟಿನ್ ಎರಡನ್ನೂ ಈಗಲೇ ನೋಡಿಸಿ. ಕಬ್ಬಿಣಾಂಶ ಕಡಿಮೆ ಇದ್ದರೆ ಎತ್ತರ ಹೆಚ್ಚು ಕಾಡುತ್ತದೆ, ಅದನ್ನು ತುಂಬಿಕೊಳ್ಳಲು ತಿಂಗಳುಗಳು ಬೇಕು. ಕ್ಲಾಸಿನ ನಡುವೆ ಎದ್ದು ಹೋಗಲಾಗದೆಂದು ನೀರು ಕಡಿಮೆ ಕುಡಿಯುವ ಅಭ್ಯಾಸ ಶಿಕ್ಷಕಿಯರಲ್ಲಿ ಬಹಳ ಕಂಡಿದ್ದೇನೆ. ದಾರಿಯಲ್ಲಿ ಶೌಚಾಲಯದ ಸಂಕೋಚಕ್ಕೆ ಅದನ್ನೇ ಮುಂದುವರಿಸಬೇಡಿ. ಚಹಾ, ಸೂಪು ಸೇರಿ ದಿನಕ್ಕೆ ಮೂರು ಲೀಟರ್ ಸಾಕು. ಐದಾರು ಲೀಟರ್ ಕುಡಿದರೆ ರಕ್ತದ ಉಪ್ಪಿನಂಶ ಇಳಿದು ಬೇರೆಯೇ ಆಪತ್ತು ಬರುತ್ತದೆ.

ತಯಾರಿಗೆ ಬೆಟ್ಟ ಇಲ್ಲವೆಂದು ಕೊರಗಬೇಡಿ. ನಿಮಗೆ ಬೇಕಿರುವುದು ಮೆಟ್ಟಿಲು, ಬೆನ್ನಿಗೆ ಆರೇಳು ಕಿಲೋ ಭಾರ, ಬೆಳಗಿನ ಐದು ಗಂಟೆ. ವಾರದಲ್ಲಿ ಮೂರು ದಿನ ನಾಲ್ಕೈದು ಅಂತಸ್ತಿನ ಕಟ್ಟಡವೊಂದರ ಮೆಟ್ಟಿಲುಗಳನ್ನು ಮುಕ್ಕಾಲು ಗಂಟೆ ಹತ್ತಿ ಇಳಿಯಿರಿ. ಹತ್ತುವುದು ಎದೆಗೆ, ಇಳಿಯುವುದು ತೊಡೆಗೆ. ಚಾರಣದಲ್ಲಿ ಮಂಡಿ ಸೋಲುವುದು ಮರಳಿ ಇಳಿಯುವಾಗ, ಆದ್ದರಿಂದ ಲಿಫ್ಟಿನಲ್ಲಿ ಇಳಿಯುವವರ ಅಭ್ಯಾಸ ಅರ್ಧದಷ್ಟೇ. ತಿಂಗಳಿಗೊಮ್ಮೆ ಯಾದಗಿರಿಯ ಕೋಟೆ ಬೆಟ್ಟಕ್ಕೆ ಹೋಗಿ, ಅದನ್ನು ಮೂರು ನಾಲ್ಕು ಸಲ ಹತ್ತಿಳಿಯಿರಿ. ಶನಿವಾರ ಶಾಲೆ ಮುಗಿಸಿ ದೂರ ನಡೆದು, ಭಾನುವಾರ ನೋಯುವ ಕಾಲಿನಲ್ಲಿಯೇ ಮತ್ತೆ ನಡೆಯಿರಿ. ಮೇಲೆ ಹನ್ನೊಂದು ದಿನ ಹಾಗೆಯೇ ಇರುತ್ತದೆ. ವೇಗದ ಅಳತೆ ಒಂದೇ: ನಡೆಯುತ್ತಲೇ ಒಂದು ವಚನವನ್ನು ತಡವರಿಸದೆ ಪೂರ್ತಿ ಹೇಳಲು ಬರಬೇಕು. ಏದುಸಿರಿನಿಂದ ನಡುವೆ ತುಂಡಾದರೆ ನಿಧಾನಿಸಿ. ಈ ಅಳತೆಯನ್ನು ಯಜಮಾನರಿಗೂ ಹಚ್ಚಿ. ಬೂಟುಗಳನ್ನು ಜೂನ್‌ನಲ್ಲಿಯೇ ಕೊಂಡು ಪಳಗಿಸಿ; ನಮ್ಮ ಎರೆಮಣ್ಣಿನ ಕೆಸರಿನಲ್ಲಿ ಅವು ಹಿಡಿತವನ್ನೂ ಕಲಿಸುತ್ತವೆ.

ಊಟಕ್ಕೆ ಅಲ್ಲಿಯ ದಾಲ್ ಭಾತ್ ನಮಗೆ ಒಗ್ಗುತ್ತದೆ. ಆದರೂ ನಾಲ್ಕು ಸಾವಿರ ಮೀಟರ್ ದಾಟಿದ ಮೇಲೆ ಹಸಿವೆ ಸಾಯುತ್ತದೆ, ಏನು ಕಂಡರೂ ಬೇಡ ಎನಿಸುತ್ತದೆ. ಆಗ ಒಂದು ಖಡಕ್ ರೊಟ್ಟಿ ಮುರಿದು ಶೇಂಗಾ ಹಿಂಡಿ ಹಚ್ಚಿಕೊಂಡರೆ ಬಾಯಿ ತಾನಾಗಿ ತೆರೆಯುತ್ತದೆ. ರೊಟ್ಟಿ ಕೆಡುವುದಿಲ್ಲ, ಭಾರವೂ ಇಲ್ಲ. ಪುಡಿಯಾಗದಂತೆ ಡಬ್ಬಿಯಲ್ಲಿಡಿ; ಲುಕ್ಲಾ ವಿಮಾನದಲ್ಲಿ ತಲೆಗೆ ಒಟ್ಟು 15 ಕಿಲೋ ಸಾಮಾನಿಗಷ್ಟೇ ಜಾಗ ಎಂಬುದು ನೆನಪಿರಲಿ.

ಕೋವಿಡ್ ಕಾಲದ ಆಕ್ಸಿಮೀಟರ್ ನಿಮ್ಮ ಮನೆಯಲ್ಲಿಯೂ ಇರಬಹುದು. ಆಗ 94ಕ್ಕಿಂತ ಕೆಳಗಿಳಿದರೆ ಎದೆ ಹೊಡೆದುಕೊಳ್ಳುತ್ತಿತ್ತು. ದಿಂಗ್‌ಬೋಚೆಯಲ್ಲಿ ಆರೋಗ್ಯವಂತರ ಬೆರಳಿನಲ್ಲೂ 80ರಿಂದ 88 ಕಾಣುತ್ತದೆ, ಬೆರಳು ತಣ್ಣಗಿದ್ದರೆ ಇನ್ನೂ ಕಡಿಮೆ. ಅಂಕಿಯನ್ನು ಬಿಟ್ಟು ಮನುಷ್ಯರನ್ನು ನೋಡಿ. ತಲೆನೋವಿನ ಜೊತೆ ವಾಕರಿಕೆ, ಸುಸ್ತು ಅಥವಾ ತಲೆಸುತ್ತು ಇದ್ದರೆ ಎತ್ತರದ ಕಾಯಿಲೆ ಎಂದೇ ತಿಳಿದು ಅಲ್ಲಿಯೇ ನಿಲ್ಲಿ, ಕಡಿಮೆಯಾಗುವವರೆಗೆ ಏರಬೇಡಿ. ಮಾತು ತೊದಲಿದರೆ, ಒಂದು ಕಾಲಿನ ಹಿಮ್ಮಡಿಗೆ ಇನ್ನೊಂದು ಕಾಲಿನ ಬೆರಳು ತಾಗಿಸಿ ನೇರ ಗೆರೆಯಲ್ಲಿ ನಡೆಯಲು ಆಗದಿದ್ದರೆ ಮೆದುಳು ಊದಿಕೊಳ್ಳುತ್ತಿದೆ. ಸುಮ್ಮನೆ ಕುಳಿತಾಗಲೂ ಏದುಸಿರು, ಕೆಮ್ಮು ಇದ್ದರೆ ಶ್ವಾಸಕೋಶದಲ್ಲಿ ನೀರು ತುಂಬುತ್ತಿದೆ. ಈ ಎರಡರಲ್ಲಿ ಯಾವುದಾದರೂ ಆಗಲಿ, ಬೆಳಗಾಗುವವರೆಗೆ ಕಾಯಬಾರದು. ಇಳಿಯಬೇಕು, ಜೊತೆಗೊಬ್ಬರು ಇರಬೇಕು. ದಿಂಗ್‌ಬೋಚೆಗೆ ಸಮೀಪದ ಫೆರಿಚೆಯಲ್ಲಿ ಹಿಮಾಲಯನ್ ರೆಸ್ಕ್ಯೂ ಅಸೋಸಿಯೇಷನ್‌ನ ಚಿಕಿತ್ಸಾಲಯವಿದೆ. ಚಾರಣದ ಕಾಲದಲ್ಲಿ ವೈದ್ಯರು ಇರುತ್ತಾರೆ. ವಿಮೆ ಮಾಡಿಸುವಾಗ 6,000 ಮೀಟರ್‌ವರೆಗಿನ ಚಾರಣ ಮತ್ತು ಹೆಲಿಕಾಪ್ಟರ್ ಸ್ಥಳಾಂತರ ಎರಡೂ ಅದರಲ್ಲಿ ಬರೆದಿವೆಯೇ ಎಂದು ಓದಿ ನೋಡಿ.

ನನ್ನ ಜೊತೆ ಬಂದಿದ್ದ ಒಬ್ಬರ ವಿಷಯ ಹೇಳದಿದ್ದರೆ ಈ ಉತ್ತರ ಅರ್ಧವಾಗುತ್ತದೆ. ಐವತ್ತರ ಗಟ್ಟಿ ಆಳು, ತಂಡದಲ್ಲಿ ಯಾವಾಗಲೂ ಮುಂದೆ. ದಿಂಗ್‌ಬೋಚೆಯಲ್ಲಿ ರಾತ್ರಿ ಊಟಕ್ಕೆ ಬರಲಿಲ್ಲ. ಕೋಣೆಗೆ ಹೋಗಿ ನೋಡಿದರೆ ಬೂಟಿನ ಲೇಸು ಕಟ್ಟಿಕೊಳ್ಳಲು ಬೆರಳು ಕೇಳುತ್ತಿಲ್ಲ, ನಿಲ್ಲಿಸಿದರೆ ವಾಲುತ್ತಿದ್ದಾರೆ. ಎರಡು ದಿನದಿಂದ ತಲೆನೋವಿತ್ತಂತೆ, ಯಾರಿಗೂ ಹೇಳಿರಲಿಲ್ಲ. ಇಂಜೆಕ್ಷನ್ ಕೊಟ್ಟು, ಇಬ್ಬರು ಶೆರ್ಪಾಗಳ ಹೆಗಲ ಮೇಲೆ ಆ ಕತ್ತಲಲ್ಲಿಯೇ ಪಾಂಗ್‌ಬೋಚೆಗೆ ಇಳಿಸಿದೆವು. ಬೆಳಗಿನ ಹೊತ್ತಿಗೆ ಸರಿಯಾಗಿ ಮಾತನಾಡಿದರು. ಏಕೆ ಹೇಳಲಿಲ್ಲವೆಂದು ಕೇಳಿದ್ದಕ್ಕೆ, ಹೊರಡುವ ದಿನ ಕಲಬುರಗಿ ರೈಲು ನಿಲ್ದಾಣಕ್ಕೆ ಓಣಿಯ ಜನವೆಲ್ಲ ಬಂದು ಹಾರ ಹಾಕಿ, ಶಾಲು ಹೊದಿಸಿ ಕಳಿಸಿದ್ದರು, ಅರ್ಧ ದಾರಿಯಿಂದ ಯಾವ ಮುಖ ಹೊತ್ತು ಮರಳಲಿ ಎಂದರು. ಆ ಮಾತು ನನ್ನನ್ನು ಇಂದಿಗೂ ಬಿಟ್ಟಿಲ್ಲ. ಅಂದಿನಿಂದ ನಮ್ಮ ಭಾಗದ ಎಲ್ಲ ಚಾರಣಿಗರಿಗೂ ಕೇಳಿಕೊಳ್ಳುತ್ತೇನೆ: ಸನ್ಮಾನವನ್ನು ಮರಳಿ ಬಂದ ಮೇಲೆ ಇಟ್ಟುಕೊಳ್ಳಿ. ಹೊರಡುವಾಗ ಸುಮ್ಮನೆ ಹೊರಡಿ.

ನಿಮ್ಮ ಮನೆಯಲ್ಲಿಯೂ ಈ ಮಾತು ಮೊದಲೇ ಆಗಲಿ. ಮೂವರಲ್ಲಿ ಯಾರಿಗೆ ತಲೆನೋವು ಬಂದರೂ ಅಂದೇ ಹೇಳಬೇಕು, ಒಬ್ಬರು ಇಳಿಯುವುದಾದರೆ ಜೊತೆಗೆ ಯಾರು ಇಳಿಯುತ್ತಾರೆ ಎಂಬುದು ಇಲ್ಲಿಯೇ ತೀರ್ಮಾನವಾಗಬೇಕು. ಸಾಲಿನಲ್ಲಿ ನೀವು ಮುಂದೆ ನಡೆಯಿರಿ, ಯಜಮಾನರು ನಿಮ್ಮ ಹಿಂದೆ ಬರಲಿ. ನಿಮ್ಮ ಮೆಲ್ಲನೆಯ ಹೆಜ್ಜೆ ಮೂವರಿಗೂ ಸರಿಹೋಗುತ್ತದೆ. ಜುಲೈ ಒಳಗೆ ನಿಮ್ಮ ರಕ್ತ ಪರೀಕ್ಷೆ, ಅವರ ಇಸಿಜಿ, ಟ್ರೆಡ್‌ಮಿಲ್ ವರದಿಗಳನ್ನು ತೆಗೆದುಕೊಂಡು ಇಬ್ಬರೂ ನಿಮ್ಮ ವೈದ್ಯರ ಬಳಿ ಹೋಗಿ. ಹೋಗುವಾಗ ಆಯೋಜಕರ ದಿನಪಟ್ಟಿಯನ್ನೂ ಒಯ್ಯಿರಿ, ಪ್ರತಿ ರಾತ್ರಿಯ ಮುಂದೆ ಮಲಗುವ ಊರಿನ ಎತ್ತರವನ್ನು ಪೆನ್ನಿನಿಂದ ಬರೆದುಕೊಂಡು.